ಒಂದು ಸುರುಳಿಯ ವರ್ಷ

ನಮ್ಮ ತೀರ್ಥರೂಪರು ೧೯೬೦ರ ದಶಕದಲ್ಲಿ ಮಂಗಳೂರಿನಿಂದ ಕೊಂಡು ತಂದ ‘ಅಗ್ಫಾ ಕ್ಲಿಕ್ ೩’ ಎಂಬ ಡಬ್ಬಿ ಕ್ಯಾಮರಾವೊಂದು ನಮ್ಮ ಮನೆಯಲ್ಲಿ ಉಂಟು. ಬಡೋದೆಯಲ್ಲಿ ತಯಾರಾಗುತ್ತಿದ್ದ ಈ ಅಗ್ಗದ ಯಂತ್ರವು ಒಂದು ಕಾಲಕ್ಕೆ ನಮ್ಮ ದೇಶದ ಅನೇಕ ಸಂಸಾರಗಳ ಮದುವೆ, ಮುಂಜಿ, ನಾಮಕರಣಗಳನ್ನು ಕಂಡಿತ್ತು. ಅದಕ್ಕೆ ಹಾಕತಕ್ಕ ೧೨೦ ಎಂಬ ಅಳತೆಯ ಫಿಲ್ಮು ೧೯೦೧ರಲ್ಲಿ ಕೊಡಾಕ್ ಕಂಪೆನಿಯವರು ಹೊರಡಿಸಿದುದು, ಇಂದಿಗೂ ದೊರೆಯುತ್ತದೆ. ಒಂದು ಸುರುಳಿಗೆ ಹನ್ನೆರಡೇ ಚಿತ್ರಗಳು. ವರ್ಷಕ್ಕೂ ತಿಂಗಳು ಹನ್ನೆರಡೇ. ಈ ಎರಡು ಲೆಕ್ಕಗಳೂ ಸರಿಹೊಂದುವುದನ್ನು ಕಂಡು ೨೦೨೪ರ ಜನವರಿಯಲ್ಲಿ ನಾವು ಒಂದು ಸಂಕಲ್ಪವನ್ನು ಮಾಡಿದೆವು. ತಿಂಗಳಿಗೆ ಒಂದೇ ಚಿತ್ರ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಸೀಮೆಗಳ ಹೊರಗೆ ಕಾಲಿಡತಕ್ಕದ್ದಲ್ಲ. ಸುರುಳಿ ಮುಗಿಯುವ ತನಕ ತೊಳೆದು ನೋಡತಕ್ಕದ್ದೂ ಅಲ್ಲ.

ಮನೆಯವರು ನಕ್ಕರು. ಕಿಸೆಯಲ್ಲಿರುವ ಫೋನಿನಿಂದ ಒಂದು ಮಧ್ಯಾಹ್ನದಲ್ಲಿ ಇನ್ನೂರು ಚಿತ್ರಗಳನ್ನು ತೆಗೆಯಬಹುದಾದ ಕಾಲದಲ್ಲಿ ಇದೆಂತಹ ವ್ರತವೆಂದು ಅವರು ಕೇಳಿದುದು ನ್ಯಾಯವೇ. ಅದಕ್ಕಿಂತಲೂ ದೊಡ್ಡ ಆಕ್ಷೇಪವೊಂದು ಶಾಸ್ತ್ರದಿಂದಲೇ ಹೊರಡುತ್ತದೆ. ಬೆಳಕು ತಗಲಿದ ಫಿಲ್ಮನ್ನು ಆದಷ್ಟು ಬೇಗನೆ ತೊಳೆಯಬೇಕು. ಸೆಕೆಯಲ್ಲಿಯೂ ತೇವದಲ್ಲಿಯೂ ಇರಿಸಿದರೆ ಅದರ ಮೇಲಿನ ಅಡಗಿದ ಬಿಂಬವು ಮಾಸುತ್ತ ಹೋಗುತ್ತದೆ, ಬೂಷ್ಟು ಹಿಡಿಯುತ್ತದೆ. ನಮ್ಮ ಸೀಮೆಯ ಮಳೆಗಾಲವನ್ನು ಬಲ್ಲವರಿಗೆ ಬೇರೆ ಹೇಳಬೇಕಾಗಿಲ್ಲ. ಹಿಂದಿನ ಕಾಲದ ಛಾಯಾಗ್ರಾಹಕರ ಉಪಾಯವನ್ನೇ ಹಿಡಿದು, ಅಕ್ಕಿಯನ್ನು ಹುರಿದು ಬಟ್ಟೆಯಲ್ಲಿ ಗಂಟುಕಟ್ಟಿ ಕ್ಯಾಮರಾದೊಂದಿಗೆ ತಗಡಿನ ಡಬ್ಬಿಯಲ್ಲಿ ಇರಿಸಿದೆವು. ಹುರಿದ ಅಕ್ಕಿ ತೇವವನ್ನು ಹೀರುತ್ತದೆ. ವಾರಕ್ಕೊಮ್ಮೆ ಪುನಃ ಹುರಿದರೆ ಸಾಕು.

ಫೆಬ್ರವರಿಯ ಚಿತ್ರವು ವೇಣೂರಿನದು. ಅಜಿಲ ವಂಶದ ತಿಮ್ಮಣ್ಣರಸನು ೧೬೦೪ರಲ್ಲಿ ಫಲ್ಗುಣಿಯ ದಡದಲ್ಲಿ ನಿಲ್ಲಿಸಿದ ೩೫ ಅಡಿ ಎತ್ತರದ ಬಾಹುಬಲಿಗೆ ಆ ವರ್ಷ ಫೆಬ್ರವರಿ ೨೨ರಿಂದ ಮಾರ್ಚಿ ೧ರ ವರೆಗೆ ಮಹಾಮಸ್ತಕಾಭಿಷೇಕವು ನಡೆಯಿತು. ಅದರ ಹಿಂದಿನದು ೨೦೧೨ರಲ್ಲಿ ಆದುದು. ಹಾಲು, ಎಳನೀರು, ಕಬ್ಬಿನ ರಸ, ಅರಿಶಿನ, ಗಂಧ ಇವು ಒಂದಾದ ಮೇಲೊಂದರಂತೆ ಶಿರದಿಂದ ಪಾದಕ್ಕೆ ಇಳಿಯುವಾಗ ಕಲ್ಲಿನ ಬಣ್ಣವೇ ಬದಲಾಗುವುದನ್ನು ಕಂಡವರು ಪುಣ್ಯವಂತರು. ಆದರೆ ದೀಪದ ಬೆಳಕಿನಲ್ಲಿ ನಮ್ಮ ಡಬ್ಬಿಗೆ ಕಣ್ಣು ಕಾಣದು. ಆದುದರಿಂದ ಮರುದಿನ ಬೆಳಗ್ಗೆ ಪುನಃ ಹೋಗಿ, ಅಂಗಳದ ಓಕುಳಿಯನ್ನು ಹಿಡಿಸೂಡಿಯಿಂದ ಗುಡಿಸುತ್ತಿದ್ದ ಹೆಂಗಸೊಬ್ಬಳನ್ನು ಕೇಳಿಕೊಂಡು ಒಂದು ಚಿತ್ರವನ್ನು ತೆಗೆದೆವು. ಕಪ್ಪುಬಿಳುಪಿನ ಫಿಲ್ಮಿನಲ್ಲಿ ಅರಿಶಿನದ ನೀರೂ ಕೆಸರೂ ಒಂದೇ ಎಂಬುದು ನಮಗೆ ಆಗ ಹೊಳೆಯಲಿಲ್ಲ. ಚಿತ್ರವನ್ನು ನೋಡಿದವರೆಲ್ಲರೂ ಅದು ಆಟಿಯ ಮಳೆಯಲ್ಲಿ ತೆಗೆದುದೆಂದೇ ತಿಳಿದಿದ್ದಾರೆ. ಆದರೂ ಆ ಹೆಂಗಸಿನ ಬಾಗಿದ ಬೆನ್ನು ನಮಗೆ ಪ್ರಿಯವಾಗಿದೆ.

ಮೂಡುಬಿದಿರೆಯಲ್ಲಿ ಕಷ್ಟವು ಬೇರೆ ತೆರನಾದುದು. ೧೪೩೦ರ ಸುಮಾರಿನ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲವೆಂದು ಪ್ರಸಿದ್ಧಿ. ಒಂದೇ ಚಿತ್ರವನ್ನು ತೆಗೆಯತಕ್ಕವನು ಯಾವ ಕಂಬವನ್ನು ಆರಿಸಬೇಕು? ಅರ್ಧ ದಿವಸ ಸುತ್ತಿ, ಕೊನೆಗೆ ಕಂಬಗಳನ್ನೆಲ್ಲ ಬಿಟ್ಟು ಮಾಡಿನ ಚಿತ್ರವನ್ನು ತೆಗೆದೆವು. ೧೮೭೬ರಲ್ಲಿ ಹಿಂದುಸ್ಥಾನದ ವಾಸ್ತುಶಿಲ್ಪದ ಮೇಲೆ ದೊಡ್ಡ ಗ್ರಂಥವನ್ನು ಬರೆದ ಜೇಮ್ಸ್ ಫರ್ಗುಸನ್ ಎಂಬ ಪಂಡಿತರು ಈ ಇಳಿಜಾರಿನ ಮಾಡುಗಳನ್ನು ಕಂಡು ನೇಪಾಳದ ಕಟ್ಟಡಗಳಿಗೆ ಹೋಲಿಸಿದರು. ಅವರು ಜ್ಞಾನವೃದ್ಧರು, ನಿಜ. ಆದರೆ ಜುಲೈ ತಿಂಗಳಲ್ಲಿ ಒಂದು ವಾರ ಮೂಡುಬಿದಿರೆಯಲ್ಲಿ ತಂಗಿದ್ದರೆ, ಮಾಡು ಏಕೆ ಇಳಿಜಾರಾಗಿದೆಯೆಂದು ತಿಳಿಯಲು ಅವರು ಹಿಮಾಲಯದ ತನಕ ಹೋಗಬೇಕಾಗುತ್ತಿರಲಿಲ್ಲವೆಂದು ನಮ್ಮ ನಮ್ರ ಅಭಿಪ್ರಾಯ.

ಜುಲೈ ಕೊನೆಯಲ್ಲಿ ನೇತ್ರಾವತಿ ಉಕ್ಕಿದಳು. ವಯನಾಡಿನಲ್ಲಿ ಗುಡ್ಡವು ಕುಸಿದು ನೂರಾರು ಮಂದಿ ಪ್ರಾಣವನ್ನು ಕಳೆದುಕೊಂಡ ಜುಲೈ ೩೦ರ ಆಸುಪಾಸಿನ ದಿನಗಳೇ ಅವು. ಬಂಟ್ವಾಳದಲ್ಲಿ ಅಪಾಯದ ಮಟ್ಟವು ೮.೫ ಮೀಟರು, ನೀರು ಅದನ್ನು ದಾಟಿತು. ೧೯೨೩ರ ಮತ್ತು ೧೯೭೪ರ ನೆರೆಗಳನ್ನು ಈ ಪೇಟೆಯವರು ಇನ್ನೂ ಮರೆತಿಲ್ಲ. ನದಿಯ ಬಣ್ಣ ಕೆಂಪಾದೊಡನೆ ತಗ್ಗಿನ ಅಂಗಡಿಗಳವರು ಯಾರ ಅಪ್ಪಣೆಗೂ ಕಾಯದೆ ಸಾಮಾನನ್ನು ಅಟ್ಟಕ್ಕೆ ಏರಿಸತೊಡಗುತ್ತಾರೆ. ಕೊರಳಿಗೆ ಕ್ಯಾಮರಾವನ್ನು ತೂಗಿಕೊಂಡು ನಿಂತ ನಮ್ಮನ್ನು ನೋಡಿ ಅಂಗಡಿಯವರೊಬ್ಬರು, “ಪಟ ಮತ್ತೆ ತೆಗೆಯುವ ಸ್ವಾಮಿ, ಈಗ ಈ ಗೋಣಿಗೆ ಒಂದು ಕೈ ಕೊಡಿ” ಎಂದರು. ಕೈ ಕೊಟ್ಟೆವು. ಸಂಜೆಯಾಯಿತು, ಬೆಳಕು ಹೋಯಿತು. ನೀರಿಳಿದ ಮೇಲೆ ಹೋಗಿ, ಗೋಡೆಯ ಸುಣ್ಣದ ಮೇಲೆ ಅದು ಬಿಟ್ಟುಹೋದ ಮಣ್ಣಿನ ಗೆರೆಯೊಂದನ್ನೇ ತೆಗೆದುಕೊಂಡು ಬಂದೆವು. ಜುಲೈಯ ಪಾಲಿಗೆ ಬಂದ ಚಿತ್ರವು ಅದು.

ಡಿಸೆಂಬರಿನ ಚಿತ್ರದ ಮಾತನ್ನು ಇಲ್ಲಿಯೇ ಮುಗಿಸಿಬಿಡುತ್ತೇವೆ. ಮೂಡುಬಿದಿರೆಯ ಕಡಲಕೆರೆಯ ಕಂಬಳದ ಕರೆಯ ಬದಿಯಲ್ಲಿ ನಿಂತು ಓಡುವ ಕೋಣಗಳನ್ನು ಹಿಡಿಯಲು ಹವಣಿಸಿದೆವು. ನಮ್ಮ ಡಬ್ಬಿಯ ಬಾಗಿಲು ತೆರೆದು ಮುಚ್ಚಲು ಸೆಕೆಂಡಿನ ಸುಮಾರು ಮೂವತ್ತನೆಯ ಒಂದು ಭಾಗ ಬೇಕು. ೨೦೨೦ರಲ್ಲಿ ಐಕಳದ ಕರೆಯಲ್ಲಿ ಶ್ರೀನಿವಾಸ ಗೌಡರು ೧೪೨.೫ ಮೀಟರನ್ನು ೧೩.೬೨ ಸೆಕೆಂಡಿನಲ್ಲಿ ಓಡಿ ದೇಶಾಂತರಗಳಲ್ಲಿಯೂ ಹೆಸರಾದುದು ವಾಚಕರಿಗೆ ನೆನಪಿರಬಹುದು. ಆ ವೇಗದಲ್ಲಿ ಬಾಗಿಲು ಮುಚ್ಚುವಷ್ಟರೊಳಗೆ ಕೋಣವು ಮುಕ್ಕಾಲು ಮೊಳ ಮುಂದೆ ಹೋಗಿರುತ್ತದೆ. ಈ ಲೆಕ್ಕವನ್ನು ನಾವು ಮಾಡಿದುದು ಚಿತ್ರವನ್ನು ತೆಗೆದ ಮೇಲೆ. ಕಾಗದದಲ್ಲಿ ಈಗ ಕೆಸರು ನೀರಿನ ಒಂದು ಗೋಡೆಯೂ ಅದರೊಳಗಿಂದ ಒಂದು ಕೊಂಬೂ ಕಾಣುತ್ತವೆ.

ಇವಲ್ಲದೆ ಎರಡು ಚಿತ್ರಗಳು ನಮ್ಮ ಬೆರಳು ಅಡ್ಡ ಬಂದು ಕೆಟ್ಟವು. ಕೆಲವು ಹೇಳಿಕೊಳ್ಳುವಂತಹವಲ್ಲ.

ಅಕ್ಟೋಬರಿನ ಚಿತ್ರಕ್ಕಾಗಿಯೇ ನಾವು ಈ ಲೇಖನವನ್ನು ಬರೆಯಹೊರಟುದು. ಬೆಳ್ತಂಗಡಿಯಿಂದ ಒಳಗೆ, ಟಿಪ್ಪು ೧೭೯೪ರಲ್ಲಿ ಕೋಟೆಯನ್ನು ಕಟ್ಟಿಸಿ ಜಮಾಲಾಬಾದ್ ಎಂದು ಹೆಸರಿಟ್ಟ ಗಡಾಯಿಕಲ್ಲು ಅಂಗಳದಿಂದಲೇ ಕಾಣುವ ಹಾಗೆ ನಮ್ಮ ಬಂಧುಗಳ ಒಂದು ಹಳೆಯ ಮನೆ ಇತ್ತು. ಮುರಕಲ್ಲಿನ ಅಡಿಪಾಯ, ಮಣ್ಣಿನ ಗೋಡೆ, ಹಲಸಿನ ಕಂಬಗಳು. ೧೮೬೫ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದ ಬಳಿಕ ಊರೂರಿಗೆ ಹಬ್ಬಿದ ಹಂಚು ಅದರ ಮಾಡಿಗೂ ಏರಿತ್ತು. ಅಣ್ಣತಮ್ಮಂದಿರ ಪಾಲು ಆಯಿತು. ಮನೆಯು ಯಾರ ಪಾಲಿಗೂ ಬೇಡವಾಯಿತು. ಮಳೆ ನಿಂತೊಡನೆ ಬಿಚ್ಚಿ, ಮರಮಟ್ಟನ್ನು ಮಾರಿ ಹಣವನ್ನು ಹಂಚಿಕೊಳ್ಳುವುದೆಂದು ನಿಶ್ಚಯವಾಗಿತ್ತು.

ಆ ಮನೆಯ ದೊಡ್ಡಮ್ಮನಿಗೆ ಎಂಬತ್ತು ದಾಟಿದೆ. ಚಾವಡಿಯ ಕಂಬಕ್ಕೆ ಒರಗಿಸಿ ಅವರದೊಂದು ಚಿತ್ರವನ್ನು ತೆಗೆಯಬೇಕೆಂದು ನಮ್ಮ ಮನಸ್ಸಿನಲ್ಲಿತ್ತು. ಅವರು ಒಪ್ಪಲಿಲ್ಲ.

“ನನ್ನ ಪಟ ಎಂತಕ್ಕೆ ಮಗ? ಅಡುಗೆಕೋಣೆಯದ್ದು ತೆಗಿ.”

“ಅಲ್ಲಿ ಕತ್ತಲೆ, ದೊಡ್ಡಮ್ಮ. ಎದುರಿನಿಂದ ಮನೆ ಚೆನ್ನಾಗಿ ಕಾಣುತ್ತದೆ.”

“ಎದುರಿನದ್ದು ಗಂಡಸರದ್ದು. ಅರುವತ್ತು ವರ್ಷ ನಾನು ನಿಂತದ್ದು ಇಲ್ಲಿ.”

ನಮಗೆ ಉತ್ತರವು ಹೊಳೆಯಲಿಲ್ಲ. ಮಿಶನಿನವರು ತೆಗೆದ ಹಳೆಯ ಚಿತ್ರಗಳು ಬಾಸೆಲ್ ನಗರದ ದಫ್ತರಖಾನೆಯಲ್ಲಿ ಇಂದಿಗೂ ಉಂಟು. ಅವುಗಳಲ್ಲಿ ನಾವು ನೋಡಿದವುಗಳಲ್ಲಿ ಮನೆಯ ಮುಂಭಾಗ ಉಂಟು, ಸಾಲಾಗಿ ನಿಂತ ಜನ ಉಂಟು, ಒಲೆಯಿರುವ ಒಂದೂ ಇಲ್ಲ. ನಾವೂ ಇಷ್ಟು ವರ್ಷಗಳಲ್ಲಿ ಎಷ್ಟೋ ಮನೆಗಳ ಚಿತ್ರಗಳನ್ನು ತೆಗೆದಿದ್ದೇವೆ. ಒಂದರಲ್ಲಿಯೂ ಅಡುಗೆಕೋಣೆ ಇಲ್ಲ.

ಆ ಕೋಣೆಗೆ ಬೆಳಕು ಬರುವುದು ಮೊಳದಗಲದ ಒಂದು ಕಿಟಕಿಯಿಂದ ಮತ್ತು ಮಾಡಿನಲ್ಲಿದ್ದ ಒಂದು ಗಾಜಿನ ಹಂಚಿನಿಂದ. ಆ ಗಾಜಿಗೂ ಮಸಿ ಹಿಡಿದಿತ್ತು. ಒಂದು ಸಲ ಗುಂಡಿಯನ್ನು ಒತ್ತಿದರೆ ಫಿಲ್ಮಿನ ಮೇಲೆ ಏನೂ ಮೂಡದು. ಆದರೆ ಈ ಬಡ ಯಂತ್ರದಲ್ಲಿ ಒಂದು ಸೌಕರ್ಯವುಂಟು. ಫಿಲ್ಮನ್ನು ಮುಂದಕ್ಕೆ ತಿರುಗಿಸದೆ ಎಷ್ಟು ಸಲ ಬೇಕಾದರೂ ಗುಂಡಿಯನ್ನು ಒತ್ತಬಹುದು; ಹನಿ ಹನಿಯಾಗಿ ಬೆಳಕು ಒಂದೇ ಚೌಕದಲ್ಲಿ ಕೂಡುತ್ತದೆ. ಕಡೆಯುವ ಕಲ್ಲಿನ ಮೇಲೆ ಕ್ಯಾಮರಾವನ್ನಿಟ್ಟು, ಅಲುಗದಂತೆ ಹುರಿದಕ್ಕಿಯ ಗಂಟನ್ನು ಅದರ ಮೇಲೆ ಹೇರಿ, ನಲವತ್ತು ಸಲ ಒತ್ತಿದೆವು. ದೊಡ್ಡಮ್ಮನು ಬದಿಗೆ ನಿಲ್ಲುವೆನೆಂದು ಹೇಳಿದ್ದರು. ಒಲೆಯ ಮೇಲೆ ಹಾಲು ಇತ್ತು. ನಿಲ್ಲಲು ಅವರಿಂದ ಆಗಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಮೊಮ್ಮಗನು ತನ್ನ ಫೋನಿನಿಂದ ತೆಗೆಯಲೇ ಎಂದು ಕೇಳಿದನು. ವ್ರತದ ಹಟದಲ್ಲಿ, ಬೇಡ, ನಮ್ಮದು ಬಂದೇ ಬರುತ್ತದೆ ಎಂದುಬಿಟ್ಟೆವು. ದೀಪಾವಳಿ ಕಳೆದು ಎರಡು ವಾರಗಳಲ್ಲಿ ಮನೆಯನ್ನು ಬಿಚ್ಚಿದರೆಂದು ಸುದ್ದಿ ಬಂತು. ಆ ಮೇಲೆ ರಾತ್ರಿಗಳಲ್ಲಿ ಎಚ್ಚರವಾದಾಗಲೆಲ್ಲ ನಮ್ಮ ಕಣ್ಣು ತಗಡಿನ ಡಬ್ಬಿಯ ಕಡೆಗೆ ಹೋಗುತ್ತಿತ್ತು. ಬಂದಿದೆಯೋ ಇಲ್ಲವೋ? ತೊಳೆದು ನೋಡಬಹುದಿತ್ತು, ಎರಡು ಚಿತ್ರಗಳು ಉಳಿದಿದ್ದುವೆಂಬ ನೆಪ. ನಿಜವಾಗಿ ನಮ್ಮನ್ನು ತಡೆದುದು ಭಯವೇ.

೨೦೨೫ರ ಜನವರಿಯ ಒಂದು ರಾತ್ರಿ ಬಚ್ಚಲುಕೋಣೆಯ ಕಿಟಕಿಗೆ ಕಂಬಳಿಯನ್ನು ಕಟ್ಟಿ ಸುರುಳಿಯನ್ನು ತೊಳೆದೆವು. ಮದ್ದಿನ ನೀರು ಇಪ್ಪತ್ತು ಡಿಗ್ರಿಯಷ್ಟು ತಣ್ಣಗಿರಬೇಕು. ನಮ್ಮ ಬಾವಿಯ ನೀರು ಚಳಿಗಾಲದಲ್ಲಿಯೂ ಅಷ್ಟು ತಣಿಯದು. ಮಂಜುಗಡ್ಡೆಯ ಪಾತ್ರೆಯಲ್ಲಿ ಬಾಟ್ಲಿಗಳನ್ನು ನಿಲ್ಲಿಸಿದೆವು. ಒದ್ದೆ ಫಿಲ್ಮನ್ನು ದೀಪಕ್ಕೆ ಹಿಡಿದಾಗ ಹತ್ತನೆಯ ಚೌಕದ ಅಂಚಿನಲ್ಲಿ ಬೂಷ್ಟಿನ ಚುಕ್ಕೆಗಳಿದ್ದುವು. ನಡುವೆ ಒಲೆ ಇತ್ತು. ಪಾತ್ರೆಗಳ ಸಾಲು, ಉಪ್ಪಿನ ಮರಿಗೆ, ಗೋಡೆಯ ಮಸಿ, ಎಲ್ಲವೂ ಇದ್ದುವು. ದೊಡ್ಡಮ್ಮನು ಮೂರು ಕಡೆಗಳಲ್ಲಿ ಇದ್ದರು. ಮೂರರಲ್ಲಿಯೂ ಹಿಂದಿನ ಗೋಡೆ ಅವರ ಸೀರೆಯೊಳಗಿಂದ ಕಾಣುತ್ತಿತ್ತು.

ಚಿತ್ರವು ಕೆಟ್ಟಿತೆಂದೇ ನಾವು ತಿಳಿದೆವು. ಆದರೂ ಬೇರೆ ಇಲ್ಲವಾದುದರಿಂದ ದೊಡ್ಡದಾಗಿ ಅಚ್ಚುಹಾಕಿಸಿಕೊಂಡು, ಅವರು ಈಗ ಇರುವ ಕಿರಿಯ ಮಗನ ಹೊಸ ಮನೆಗೆ ಹೋದೆವು. ಮೊಮ್ಮಗನ ಮುಖವನ್ನು ನೋಡಲು ನಾಚಿಕೆಯಾಗುತ್ತಿತ್ತು. ದೊಡ್ಡಮ್ಮನು ಕನ್ನಡಕವನ್ನು ಸೆರಗಿನಿಂದ ಒರೆಸಿ ಬಹಳ ಹೊತ್ತು ನೋಡಿದರು. ಬಳಿಕ ಒಂದೊಂದರ ಮೇಲೂ ಬೆರಳಿಟ್ಟು, “ಇದು ನಾನು ಬೆಂಕಿ ಊದುವುದು. ಇದು ಹಾಲು ಇಳಿಸುವುದು. ಇಲ್ಲಿ ನಿನ್ನನ್ನು ನೋಡಿದ್ದು” ಎಂದರು. ಆ ಮೇಲೆ, “ಹೊಗೆ ಹೀಗೇ ತುಂಬುತ್ತಿತ್ತು” ಎಂದರು. ಅದು ಹೊಗೆಯಲ್ಲ, ಅವರೇ ಎಂದು ನಾವು ಹೇಳಲಿಲ್ಲ.

ಗಂಡು ಮಕ್ಕಳಿಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ನಮಗೆ ಫೋನು ಮಾಡಿ ತಮಗೂ ಒಂದೊಂದು ಪ್ರತಿ ಬೇಕೆಂದರು, ಕಳುಹಿಸಿದ್ದೇವೆ. ದೊಡ್ಡಮ್ಮನ ಪ್ರತಿಗೆ ಚೌಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗಹಾಕುವೆನೆಂದು ಸೊಸೆ ಹೇಳಿದಳು. ಅವರು ಒಪ್ಪದೆ ಅದನ್ನು ಗ್ಯಾಸಿನ ಒಲೆಯ ಹಿಂದೆ ಗೋಡೆಗೆ ಒರಗಿಸಿ ಇಟ್ಟುಕೊಂಡಿದ್ದಾರೆ. ಎಣ್ಣೆ ಸಿಡಿದು ಹಾಳಾದೀತೆಂದು ನಾವು ಇನ್ನೊಂದನ್ನು ಅಚ್ಚುಹಾಕಿಸಿ ತೆಗೆದಿರಿಸಿದ್ದೇವೆ.