ಯಾವ ಬಿಜಾಪುರ, ಎಲ್ಲಿಯ ವಿಜಯಪುರ?

2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಬಿಜಾಪುರ ವಿಜಯಪುರವಾಯಿತು. ಬೋರ್ಡುಗಳು ಹೊಸದಾದವು, ಹಳೆಯ ಕಡತಗಳು ಹಾಗೇ ಉಳಿದವು. ವಿದ್ಯಾರ್ಥಿವೇತನದ್ದೋ ಪಿಂಚಣಿಯದ್ದೋ ಹಳೆಯ ಪಟ್ಟಿಯೊಂದರಿಂದ ಆ ಜಿಲ್ಲೆಯವರನ್ನಷ್ಟೇ ಹೆಕ್ಕಬೇಕೆಂದರೆ ಎರಡೂ ಹೆಸರನ್ನು ಹುಡುಕಲೇಬೇಕು.

ಸಾವಿರಾರು ಸಾಲುಗಳ ಪಟ್ಟಿಯಲ್ಲಿ ಈ ಕೆಲಸಕ್ಕೆ ಪೈಥಾನ್ ಬಳಸುವವರು ನೆಚ್ಚುವುದು ಪಾಂಡಾಸ್ ಲೈಬ್ರರಿಯನ್ನು. ವೆಸ್ ಮೆಕಿನಿ 2008ರಲ್ಲಿ ಶುರುಮಾಡಿದ್ದು ಅದು. ಅದರ ‘ಕಂಟೇನ್ಸ್’ ಎಂಬ ಆಜ್ಞೆ ಕಾಲಂನ ಒಂದೊಂದು ಸಾಲನ್ನೂ ನೋಡಿ, ಕೇಳಿದ ಪದವಿದ್ದರೆ ‘ಟ್ರೂ’, ಇಲ್ಲದಿದ್ದರೆ ‘ಫಾಲ್ಸ್’ ಎನ್ನುತ್ತದೆ. ಈ ಉತ್ತರಗಳನ್ನು ಜೋಡಿಸಲು ಮೂರು ಚಿಹ್ನೆಗಳು: ‘ಮತ್ತು’ ಎನ್ನಲು &, ‘ಅಥವಾ’ ಎನ್ನಲು |, ‘ಅಲ್ಲ’ ಎನ್ನಲು ~. ಇಂಥ ತರ್ಕವನ್ನು ಬೀಜಗಣಿತವಾಗಿಸಿದ ಜಾರ್ಜ್ ಬೂಲ್ ಐರ್ಲೆಂಡಿನ ಕಾರ್ಕ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರ ಮುಖ್ಯ ಗ್ರಂಥ 1854ರಲ್ಲಿ ಬಂತು.

ವಿಳಾಸದ ಕಾಲಂನಲ್ಲಿ ‘ಬಿಜಾಪುರ | ವಿಜಯಪುರ’ ಹುಡುಕಿದರೆ ಛತ್ತೀಸಗಢದ ಬಿಜಾಪುರವೂ ಬಂದು ಸೇರುತ್ತದೆ. ಸರಿ, ರಾಜ್ಯದ ಷರತ್ತು ಹಾಕೋಣ: ಬಿಜಾಪುರ | ವಿಜಯಪುರ & ಕರ್ನಾಟಕ. ಆದರೂ ಛತ್ತೀಸಗಢ ಜಾಗ ಬಿಟ್ಟು ಕದಲುವುದಿಲ್ಲ. ಪೈಥಾನ್ & ಚಿಹ್ನೆಯನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಕರ್ನಾಟಕದ ಷರತ್ತು ವಿಜಯಪುರಕ್ಕೆ ಮಾತ್ರ ಅನ್ವಯಿಸುತ್ತದೆ. ಸರಿಯಾದ ರೂಪ: (ಬಿಜಾಪುರ | ವಿಜಯಪುರ) & ಕರ್ನಾಟಕ. ಆವರಣ ಮರೆತರೆ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ, ತಪ್ಪು ಪಟ್ಟಿ ಸರಿಯಾದದ್ದರಂತೆಯೇ ಕಾಣುತ್ತದೆ. ನನಗೆ ಭಯ ಹುಟ್ಟಿಸುವುದು ಇದೇ.

ಬೆಂಗಳೂರು ಗ್ರಾಮಾಂತರದ ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರವಿದೆ. ತಾಲ್ಲೂಕಿನ ಕಾಲಂ ನೋಡಿ ‘~ದೇವನಹಳ್ಳಿ’ ಎಂದು ಅದನ್ನು ಹೊರಗಿಡಬಹುದು. ಆದರೆ ಕೆಲವರ ತಾಲ್ಲೂಕಿನ ಜಾಗ ಖಾಲಿಯಿದ್ದರೆ? ಖಾಲಿ ಕೋಶವನ್ನು ಫಾಲ್ಸ್ ಎಂದು ಎಣಿಸುವಂತೆ ಬರೆಯುವುದು ರೂಢಿ. ಅದರ ಮುಂದೆ ~ ಬಂದೊಡನೆ ಫಾಲ್ಸ್ ತಿರುಗಿ ಟ್ರೂ ಆಗುತ್ತದೆ, ಖಾಲಿ ಸಾಲುಗಳೆಲ್ಲ ಪಟ್ಟಿಯಲ್ಲೇ ಉಳಿಯುತ್ತವೆ. ಟ್ರೂ ಎಂದು ಎಣಿಸಿದರೋ, ತಾಲ್ಲೂಕು ಬರೆಯದ ಅರ್ಜಿದಾರರೆಲ್ಲ ಒಟ್ಟಿಗೆ ಹೊರಬೀಳುತ್ತಾರೆ. ಯಾವುದು ನ್ಯಾಯ ಎಂದು ತೀರ್ಮಾನಿಸಬೇಕಾದವರು ಆ ಸಾಲು ಬರೆಯುವವರು.

ಅರ್ಜಿಗಳನ್ನು ಸೋಸುವ ಕೆಲಸ ನಿಮ್ಮದಾಗಿದ್ದರೆ ಒಂದು ವಿನಂತಿ: ಆಯ್ಕೆಯಾದವರ ಪಟ್ಟಿ ಕಳಿಸುವ ಮುನ್ನ, ಅದೇ ಷರತ್ತಿಗೆ ~ ಹಾಕಿ ಹೊರಗುಳಿದ ಸಾಲುಗಳನ್ನೂ ತೆರೆದು ಓದಿ. ‘ಬಿಜಾಪೂರ’ ಎಂದು ದೀರ್ಘ ಕೊಟ್ಟು ಬರೆದವರು, ‘ವಿಜಾಪುರ’ ಎಂದವರು ಅಲ್ಲೇ ಇರುತ್ತಾರೆ.