‘ಗ್ರಾಮರ್’ನ ಮಗಳು ‘ಗ್ಲಾಮರ್’!

ಸಿನಿಮಾ ತಾರೆಯರ ಮಾತು ಬಂದಾಗಲೆಲ್ಲ ಬಳಕೆಯಾಗುವ ‘ಗ್ಲಾಮರ್’ಗೂ ಪರೀಕ್ಷೆಯ ಹಿಂದಿನ ದಿನ ವಿದ್ಯಾರ್ಥಿಗಳನ್ನು ಕಾಡುವ ‘ಗ್ರಾಮರ್’ಗೂ ರಕ್ತಸಂಬಂಧವಿದೆ ಎಂದರೆ ನಂಬುವಿರಾ? ಮಧ್ಯಯುಗದ ಯುರೋಪಿನಲ್ಲಿ ಗ್ರಾಮರ್ ಎಂದರೆ ಲ್ಯಾಟಿನ್ ವ್ಯಾಕರಣ. ಅದನ್ನು ಬಲ್ಲವನೇ ಪಂಡಿತ. ಓದು ಬಾರದ ಜನರಿಗೆ ಪಂಡಿತನ ಪುಸ್ತಕದಲ್ಲಿ ಮಾಟ ಮಂತ್ರಗಳೂ ಇರಬಹುದೆಂಬ ಗುಮಾನಿ! ಸ್ಕಾಟ್ಲೆಂಡಿನವರ ಬಾಯಲ್ಲಿ ‘ರ’ಕಾರ ‘ಲ’ಕಾರವಾಗಿ ಗ್ಲಾಮರ್ ಹುಟ್ಟಿತು. ಆಗ ಅದರ ಅರ್ಥ ಕಣ್ಕಟ್ಟು. 19ನೆಯ ಶತಮಾನದಲ್ಲಿ ಸರ್ ವಾಲ್ಟರ್ ಸ್ಕಾಟ್ ತನ್ನ ಬರಹಗಳಲ್ಲಿ ಬಳಸಿ ಅದನ್ನು ಇಂಗ್ಲಿಷಿನಲ್ಲಿ ಜನಪ್ರಿಯಗೊಳಿಸಿದ. ಬೆಳ್ಳಿತೆರೆಯ ಮೆರುಗು ಬಂದದ್ದು ಆಮೇಲೆ.

ಸ್ಕಾಟ್ಲೆಂಡಿಗೆ ಇಂಗ್ಲಿಷಲ್ಲದೆ ತನ್ನವೇ ಆದ ಎರಡು ಭಾಷೆಗಳಿವೆ. ಒಂದು ಗೇಲಿಕ್. ಇದು ಕೆಲ್ಟಿಕ್ ಕುಲದ್ದು, ಇಂಗ್ಲಿಷಿಗೆ ದೂರದ ನೆಂಟ. ಚುನಾವಣೆಯಲ್ಲಿ ಕೂಗುವ ‘ಸ್ಲೋಗನ್’ ಗೇಲಿಕ್ ಮೂಲದ ಪದ. ಅರ್ಥ, ಸೈನ್ಯದ ಕೂಗು. ಇನ್ನೂ ಸೋಜಿಗವೆಂದರೆ, ನಮ್ಮ ರಸಾಯನಶಾಸ್ತ್ರದ ಪುಸ್ತಕದಲ್ಲೂ ಗೇಲಿಕ್ ಅಡಗಿದೆ. ಆವರ್ತ ಕೋಷ್ಟಕದ 38ನೆಯ ಧಾತು ಸ್ಟ್ರಾನ್ಷಿಯಮ್. ಸ್ಟ್ರಾನ್ಷಿಯನ್ ಎಂಬ ಹಳ್ಳಿಯ ಸೀಸದ ಗಣಿಯಲ್ಲಿ ಸಿಕ್ಕ ಖನಿಜದಿಂದ ಅದಕ್ಕೆ ಆ ಹೆಸರು. ಹಂಫ್ರಿ ಡೇವಿ 1808ರಲ್ಲಿ ಅದನ್ನು ಬೇರ್ಪಡಿಸಿದ. ಊರಿನ ಗೇಲಿಕ್ ಹೆಸರಿನಲ್ಲಿರುವುದು ಯಕ್ಷಿಣಿಯರ ಗುಡ್ಡ! ದೀಪಾವಳಿಯ ಮತಾಪಿನ ಕೆಂಪು ಬಣ್ಣ ಇದೇ ಧಾತುವಿನ ಲವಣಗಳದ್ದು.

ಇನ್ನೊಂದು ಭಾಷೆ ಸ್ಕಾಟ್ಸ್. ಇದು ಇಂಗ್ಲಿಷಿನ ಒಡಹುಟ್ಟು. ಹಳೆಯ ಇಂಗ್ಲಿಷಿನಲ್ಲಿ ಕುದುರೆಸವಾರಿಗೆ ‘ರಾಡ್’ ಎಂಬ ಪದವಿತ್ತು. ಅದು ದಕ್ಷಿಣದಲ್ಲಿ ‘ರೋಡ್’ ಆಯಿತು, ಉತ್ತರದಲ್ಲಿ ‘ರೇಡ್’ ಆಯಿತು. ದಕ್ಷಿಣದವರು ಸವಾರಿ ಹೋಗುವ ದಾರಿಗೆ ಆ ಹೆಸರಿಟ್ಟರೆ, ಗಡಿನಾಡಿನ ಸ್ಕಾಟರು ಕುದುರೆಯೇರಿ ದನ ಕದಿಯಲು ಹೋಗುವ ದಾಳಿಗೆ ಇಟ್ಟರು! ಹೀಗೆಯೇ ‘ಸ್ಟೋನ್’ ಅಲ್ಲಿ ‘ಸ್ಟೇನ್’, ‘ಹೋಮ್’ ಅಲ್ಲಿ ‘ಹೇಮ್’. ಇದು ತಪ್ಪು ಉಚ್ಚಾರಣೆಯಲ್ಲ, ನಿಯಮಬದ್ಧ ಬದಲಾವಣೆ. ನಮ್ಮ ‘ಪಾಲು’ ‘ಹಾಲು’ ಆಗಲಿಲ್ಲವೆ, ಹಾಗೆ.

ಆದರೆ 1707ರಲ್ಲಿ ಎರಡೂ ರಾಜ್ಯಗಳು ಒಂದಾದ ಮೇಲೆ ಓದಿದ ಸ್ಕಾಟರಿಗೇ ತಮ್ಮ ಮಾತೆಂದರೆ ನಾಚಿಕೆ. ತತ್ವಜ್ಞಾನಿ ಡೇವಿಡ್ ಹ್ಯೂಮ್ 1752ರಲ್ಲಿ, ಇಂಗ್ಲಿಷ್ ಬರೆಯುವಾಗ ದೂರವಿಡಬೇಕಾದ ಸ್ಕಾಟಿಷ್ ಪ್ರಯೋಗಗಳ ಪಟ್ಟಿಯನ್ನೇ ಪ್ರಕಟಿಸಿದ. 1761ರಲ್ಲಿ ಎಡಿನ್‌ಬರೋದ ಗಣ್ಯರು ಇಂಗ್ಲಿಷ್ ಮಾತಾಡುವ ಬಗೆಯನ್ನು ಕಲಿಯಲು ಥಾಮಸ್ ಶೆರಿಡನ್ ಎಂಬ ನಟನ ಉಪನ್ಯಾಸಕ್ಕೆ ಹೋದರು. ಆತನಾದರೂ ಇಂಗ್ಲೆಂಡಿನವನೇ? ಅಲ್ಲ, ಐರ್ಲೆಂಡಿನವ! ಮನೆಮಾತನ್ನು ಶಾಲೆಯಲ್ಲಿ ಆಡಿದ್ದಕ್ಕೆ ಮಕ್ಕಳು 20ನೆಯ ಶತಮಾನದಲ್ಲೂ ಏಟು ತಿಂದದ್ದುಂಟು.

ಇಷ್ಟಾದರೂ ಇಂಗ್ಲಿಷಿನ ಅತಿ ದೊಡ್ಡ ನಿಘಂಟನ್ನು ಕಟ್ಟುವ ಕೆಲಸ ಬಂದದ್ದು ಒಬ್ಬ ಸ್ಕಾಟನ ಕೈಗೆ. ಜೇಮ್ಸ್ ಮರ್ರೆ ಡೆನಮ್ ಎಂಬ ಹಳ್ಳಿಯ ದರ್ಜಿಯ ಮಗ. 14ನೆಯ ವಯಸ್ಸಿಗೇ ಓದು ಬಿಟ್ಟು, ಮುಂದೆ ಶಾಲಾ ಮಾಸ್ತರನಾದ. ತನ್ನ ಊರಿನ ಆಡುಮಾತನ್ನೇ ಅಭ್ಯಸಿಸಿ 1873ರಲ್ಲಿ ಪುಸ್ತಕ ಬರೆದ. 1879ರಲ್ಲಿ ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕತ್ವ ಅವನದಾಯಿತು. ತಗಡಿನ ಶೆಡ್ಡಿನಲ್ಲಿ ಕೂತು, ದೇಶವಿದೇಶಗಳ ಓದುಗರು ಕಳಿಸಿದ ಲಕ್ಷಾಂತರ ಚೀಟಿಗಳನ್ನು ವಿಂಗಡಿಸುತ್ತ 1915ರಲ್ಲಿ ಸಾಯುವವರೆಗೂ ದುಡಿದ. ನಿಘಂಟು ಮುಗಿದದ್ದು 1928ರಲ್ಲಿ. ಸ್ಕಾಟ್ಸ್ ಪದಗಳಿಗೂ ಅದರಲ್ಲಿ ಧಾರಾಳವಾಗಿ ಜಾಗ ಸಿಕ್ಕಿತು.

2022ರ ಜನಗಣತಿಯಲ್ಲಿ ಸುಮಾರು 15 ಲಕ್ಷ ಮಂದಿ ತಮಗೆ ಸ್ಕಾಟ್ಸ್ ಮಾತಾಡಲು ಬರುತ್ತದೆ ಎಂದು ಬರೆಸಿದರು. ಗೇಲಿಕ್ ಮತ್ತು ಸ್ಕಾಟ್ಸ್ ಎರಡಕ್ಕೂ ಅಧಿಕೃತ ಸ್ಥಾನ ನೀಡುವ ಕಾಯಿದೆಯನ್ನು ಸ್ಕಾಟ್ಲೆಂಡಿನ ಸಂಸತ್ತು 2025ರಲ್ಲಿ ಅಂಗೀಕರಿಸಿತು. ಹ್ಯೂಮ್‌ನ ಪಟ್ಟಿ ಪ್ರಕಟವಾಗಿ ಆಗ 273 ವರ್ಷಗಳಾಗಿದ್ದವು.