ಕೇರಾಫ್ 56 ಎಪಿಓ

ನಂಬರು, ರ‍್ಯಾಂಕು, ಹೆಸರು, ಯೂನಿಟ್ಟು, ಕೇರಾಫ್ 56 ಎಪಿಓ. ಸೈನಿಕನ ವಿಳಾಸವೆಂದರೆ ಇಷ್ಟೇ. ಅದರಲ್ಲಿ ಊರಿಲ್ಲ, ಜಿಲ್ಲೆಯಿಲ್ಲ, ದೇಶವೂ ಇಲ್ಲ. ಮದ್ದೂರಿನಲ್ಲಿ ಅಂಚೆ ಡಬ್ಬಿಗೆ ಹಾಕಿದ ಕಾಗದ ಈ ಒಂದು ಸಾಲನ್ನು ನಂಬಿಕೊಂಡು ಲಡಾಖಿಗೂ ಹೋಗಬಹುದು, ಆಫ್ರಿಕಾದ ದಕ್ಷಿಣ ಸೂಡಾನಿಗೂ ಹೋಗಬಹುದು. ಬರೆದವರಿಗೆ ಅದು ಎಲ್ಲಿ ಮುಟ್ಟಿತೆಂದು ಗೊತ್ತಾಗಬೇಕಾಗಿಲ್ಲ. ಮುಟ್ಟಬೇಕಾದವನಿಗೆ ಮುಟ್ಟಿದರೆ ಸಾಕು.

ಎಪಿಓ ಎಂದರೆ ಆರ್ಮಿ ಪೋಸ್ಟ್ ಆಫೀಸ್. ಈ ಏರ್ಪಾಟಿನ ಹಿಂದೆ ಸೇನಾ ಅಂಚೆ ಸೇವೆ ಎಂಬ ಒಂದು ವಿಭಾಗವೇ ಇದೆ. 1856ರಲ್ಲಿ ಪರ್ಷಿಯಾದ ಬುಶೆಹರ್ ಕಡೆಗೆ ಇಲ್ಲಿಂದ ದಂಡು ಹೊರಟಾಗ ಅದರ ಜೊತೆಯಲ್ಲೇ ಒಂದು ಅಂಚೆ ಕಚೇರಿಯೂ ಹೊರಟಿತ್ತು. ಅಂಥ ಕ್ಷೇತ್ರ ಅಂಚೆ ಕಚೇರಿಗಳು ಅಲ್ಲಿಂದಾಚೆ ಸೈನ್ಯ ಹೋದಲ್ಲೆಲ್ಲ ಹೋದವು. 1972ರ ಮಾರ್ಚ್ 1ರಂದು ಈ ಸೇವೆ ಸೈನ್ಯದ ಸ್ವತಂತ್ರ ಕೋರ್ ಆಯಿತು. ಇದರಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಅಂಚೆ ಇಲಾಖೆಯಿಂದಲೇ ನಿಯೋಜನೆಯ ಮೇಲೆ ಬಂದವರು. ನಿನ್ನೆಯವರೆಗೆ ಹಳ್ಳಿಯಲ್ಲಿ ಮನಿಯಾರ್ಡರ್ ಕೊಡುತ್ತಿದ್ದ ನೌಕರ ಇಂದು ಸಮವಸ್ತ್ರ ತೊಟ್ಟು ಹಿಮದ ನಡುವೆ ಕಾಗದ ಹಂಚುತ್ತಿರಬಹುದು.

56 ಎಪಿಓ ಎಂದು ಬರೆದ ಕಾಗದಗಳೆಲ್ಲ ದೆಹಲಿಯ ಕೇಂದ್ರ ನೆಲೆ ಅಂಚೆ ಕಚೇರಿಗೂ, 99 ಎಪಿಓ ಎಂದು ಬರೆದವು ಕೋಲ್ಕತ್ತದ ಕಚೇರಿಗೂ ಸೇರುತ್ತವೆ. ಯಾವ ಯೂನಿಟ್ಟು ಇವತ್ತು ಎಲ್ಲಿದೆ ಎಂಬ ಲೆಕ್ಕ ಇರುವುದು ಅಲ್ಲಿ. ಅಲ್ಲಿ ಯೂನಿಟ್ಟಿನ ಪ್ರಕಾರ ಬೇರೆ ಮಾಡಿದ ಕಾಗದಗಳ ಚೀಲ ರೈಲು, ವಿಮಾನ, ಲಾರಿ ಹತ್ತಿ ಆಯಾ ಕ್ಷೇತ್ರ ಅಂಚೆ ಕಚೇರಿಗೆ ಹೋಗುತ್ತದೆ. ರಸ್ತೆ ಮುಗಿದ ಕಡೆ ಹೆಲಿಕಾಪ್ಟರ್, ಅದೂ ಇಳಿಯದ ಕಡೆ ಮನುಷ್ಯನ ಹೆಗಲು. ರಾತ್ರೋರಾತ್ರಿ ಯೂನಿಟ್ಟು ಬೇರೆಡೆಗೆ ಹೊರಟರೂ ಮನೆಯವರು ವಿಳಾಸ ಬದಲಿಸಬೇಕಾಗಿಲ್ಲ. ಶತ್ರುವಿಗೆ ಜಾಗ ತಿಳಿಯುವುದಿಲ್ಲ, ಅವ್ವನ ಕಾಗದವೂ ತಪ್ಪುವುದಿಲ್ಲ. ಮಂಡ್ಯ ಸೀಮೆಯ ಪಿನ್ 571ರಿಂದ ಆರಂಭವಾದರೆ ಸೈನ್ಯದ ಪಿನ್ ಆರಂಭವಾಗುವುದು 9ರಿಂದ. ಸೈನಿಕ ಕೊಟ್ಟ ಪಿನ್ನನ್ನು ಹಾಗೆಯೇ ಬರೆಯಿರಿ. ವಿಳಾಸದಲ್ಲಿ ಜಾಗದ ಹೆಸರನ್ನು ನಿಮ್ಮ ಕಡೆಯಿಂದ ಸೇರಿಸಬೇಡಿ. ಅದನ್ನು ಸೇರಿಸಿದರೆ ಈ ಏರ್ಪಾಟಿನ ಉದ್ದೇಶವೇ ಕೆಡುತ್ತದೆ.

ನಮ್ಮ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಂಥ ಊರಿಗೆ ಹೊರದೇಶ ದೂರದ ಮಾತೇನಲ್ಲ. ಇಲ್ಲಿ ಹುಟ್ಟಿದ ಎಸ್.ಎಂ. ಕೃಷ್ಣ 2009ರಿಂದ 2012ರವರೆಗೆ ದೇಶದ ವಿದೇಶಾಂಗ ಸಚಿವರಾಗಿದ್ದರು. ಆ ವರ್ಷಗಳಲ್ಲೂ ಕಾಂಗೋ, ಲೆಬನಾನ್, ಸೂಡಾನ್‌ಗಳಲ್ಲಿ ನಮ್ಮ ಸೈನಿಕರು ವಿಶ್ವಸಂಸ್ಥೆಯ ನೀಲಿ ಟೋಪಿ ತೊಟ್ಟು ನಿಂತಿದ್ದರು. ಭಾರತ ಇಲ್ಲಿಯತನಕ ಐವತ್ತಕ್ಕೂ ಹೆಚ್ಚು ಶಾಂತಿಪಾಲನಾ ಕಾರ್ಯಾಚರಣೆಗಳಿಗೆ 2,90,000ಕ್ಕೂ ಹೆಚ್ಚು ಮಂದಿಯನ್ನು ಕಳಿಸಿದೆ. ಅದು ಬರೀ ಕಾವಲಿನ ಕೆಲಸವಲ್ಲ. 2013ರ ಏಪ್ರಿಲ್‌ನಲ್ಲಿ ದಕ್ಷಿಣ ಸೂಡಾನಿನಲ್ಲಿ ಒಂದೇ ದಾಳಿಯಲ್ಲಿ ಐವರು ಭಾರತೀಯ ಸೈನಿಕರು ಜೀವ ಕೊಟ್ಟರು. ಹೋದವರೆಲ್ಲ ಗಂಡಸರೂ ಅಲ್ಲ. 2007ರಲ್ಲಿ ಲೈಬೀರಿಯಾಕ್ಕೆ ಹೊರಟ ಸಿಆರ್‌ಪಿಎಫ್ ತುಕಡಿಯಲ್ಲಿದ್ದವರು ಹೆಣ್ಣುಮಕ್ಕಳು. ವಿಶ್ವಸಂಸ್ಥೆಯ ಇತಿಹಾಸದಲ್ಲೇ ಅಂಥ ಪೊಲೀಸ್ ತುಕಡಿ ಅದು ಮೊದಲನೆಯದು. ಕಾಗದ ಅಣ್ಣನಿಗಷ್ಟೇ ಅಲ್ಲ, ಅಕ್ಕನಿಗೂ ಹೋಗಬೇಕು.

ನಮ್ಮ ಸೀಮೆಯ ಮಟ್ಟಿಗೆ ಈ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೂ ಇಪ್ಪತ್ತೈದು ವರ್ಷ ಮೊದಲು, 1914ರಲ್ಲಿ, ಮೊದಲ ಮಹಾಯುದ್ಧಕ್ಕಾಗಿ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಕುದುರೆ ಪಡೆ ಹಡಗು ಹತ್ತಿ ಈಜಿಪ್ಟಿಗೆ ಹೋಯಿತು; ಸೂಯೆಜ್ ಕಾಲುವೆ ಕಾಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆಗೂಡಿ ಹೈಫಾ ನಗರವನ್ನು ಗೆದ್ದುಕೊಂಡಿತು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತ ಮೂವರು ಸೈನಿಕರ ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಇಷ್ಟನ್ನು ಪಠ್ಯಪುಸ್ತಕವೂ ಹೇಳೀತು. ನನ್ನನ್ನು ಹೆಚ್ಚು ಕಾಡುವುದು ಆ ನಾಲ್ಕು ವರ್ಷ ಅವರ ಮನೆಗಳು ಹೇಗಿದ್ದವು ಎಂಬುದು. ಅಕ್ಷರ ಬಾರದ ಕಾಲ. ಅಂಥ ಮನೆಯ ಕಾಗದವೆಂದರೆ ಒಬ್ಬರು ಹೇಳಿ, ಇನ್ನೊಬ್ಬರು ಬರೆದು, ಮತ್ತೊಬ್ಬರು ಓದಿ ಹೇಳಿದರೆ ಮಾತ್ರ ಮುಟ್ಟುವಂಥದ್ದು.

ಅದೇ ಯುದ್ಧದಲ್ಲಿ ಫ್ರಾನ್ಸಿಗೆ ಹೋಗಿದ್ದ ಭಾರತೀಯ ಸಿಪಾಯಿಗಳ ಕಾಗದಗಳನ್ನು ಬ್ರಿಟಿಷರು ಬುಲೋನ್ ಪಟ್ಟಣದ ಸೆನ್ಸಾರ್ ಕಚೇರಿಯಲ್ಲಿ ಒಡೆದು ಓದುತ್ತಿದ್ದರು. ಓದಿದವರು ಅನುವಾದಿಸಿ ಇಟ್ಟುಕೊಂಡ ತುಣುಕುಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಸಿಪಾಯಿಗಳಿಗೂ ಇದು ಗೊತ್ತಿತ್ತು. ಕೆಲವರು ಬಿಳಿಯ ಸೈನಿಕರನ್ನು ಕೆಂಪು ಮೆಣಸೆಂದೂ ತಮ್ಮವರನ್ನು ಕರಿಮೆಣಸೆಂದೂ ಕರೆದು, ಕರಿಮೆಣಸು ಮುಗಿಯುತ್ತಾ ಬಂದಿದೆ ಎಂಬ ಅರ್ಥದಲ್ಲಿ ಬರೆದರು. ಊರಿನವರು ಓದಿ, ಇನ್ನು ಯಾರೂ ದಂಡಿಗೆ ಸೇರಬೇಡಿ ಎಂದು ತಿಳಿದುಕೊಳ್ಳಲಿ ಎಂಬುದು ಅದರ ಇಂಗಿತ. ಕಾಗದದ ಮೇಲೆ ಸರ್ಕಾರದ ಕಣ್ಣಿರುವಾಗಲೂ ಮನುಷ್ಯರು ಮನೆಗೆ ನಿಜ ಹೇಳಲು ದಾರಿ ಹುಡುಕುತ್ತಾರೆ.

ಈಗ ಮೊಬೈಲ್ ಇದೆ, ವಿಡಿಯೋ ಕಾಲ್ ಇದೆ, ಕಾಗದ ಏಕೆ ಎಂದು ಕೇಳುವವರಿದ್ದಾರೆ. ಕರೆ ಬೇಕು, ಅದಕ್ಕೆ ಸಾಟಿಯಿಲ್ಲ. ಆದರೆ ಕರೆಯಲ್ಲಿ ನಾವು ಆಡುವ ಮಾತು ಯಾವುದು ನೋಡಿ: ಊಟ ಆಯ್ತಾ, ಹುಷಾರು, ಯಾವಾಗ ಬರ್ತೀಯಾ. ಇಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತದೆ. ಕಾಗದ ಜೇಬಿನಲ್ಲಿ ಉಳಿಯುತ್ತದೆ. ಕಾವಲು ಮುಗಿಸಿ ಬಂದವನು ಅದನ್ನು ಹತ್ತು ಸಲ ಓದಬಹುದು, ಪಕ್ಕದ ಮಂಚದ ಗೆಳೆಯನಿಗೂ ಓದಿ ಹೇಳಬಹುದು. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಧಾರವಾಡ ಜಿಲ್ಲೆಯ ಹನುಮಂತಪ್ಪ ಕೊಪ್ಪದ ಇದ್ದರು, ಹಾಸನದ, ಎಚ್.ಡಿ. ಕೋಟೆಯ ಕನ್ನಡಿಗರೂ ಇದ್ದರು. ಆ ಶಿಬಿರ ಇದ್ದದ್ದು ಹತ್ತೊಂಬತ್ತು ಸಾವಿರ ಅಡಿಗೂ ಮೇಲೆ. ಅಂಥ ಜಾಗದ ಒಂಟಿತನಕ್ಕೆ ಮೂರು ನಿಮಿಷದ ಕರೆ ಸಾಲುವುದಿಲ್ಲ.

ಇನ್ನು ಏನು ಬರೆಯಬೇಕು? ಸೈನಿಕರಿಗೆ ಕಾಗದ ಬರೆಯಿರಿ ಎಂದರೆ ಶಾಲೆಯ ಮಕ್ಕಳು ಸಾಮಾನ್ಯವಾಗಿ ವೀರ ಯೋಧರೇ, ನಿಮಗೆ ನಮ್ಮ ಕೋಟಿ ನಮನ ಎಂದು ಶುರುಮಾಡಿ ಅಲ್ಲಿಗೇ ಮುಗಿಸುತ್ತಾರೆ. 1999ರ ಕಾರ್ಗಿಲ್ ಯುದ್ಧದ ಹೊತ್ತಿನಲ್ಲಿ ದೇಶದ ಮೂಲೆಮೂಲೆಯಿಂದ ಮಕ್ಕಳು ಅಂಥ ಕಾರ್ಡುಗಳನ್ನು ಕಳಿಸಿದರು. 2016ರ ದೀಪಾವಳಿಯಲ್ಲೂ ಸಂದೇಶ ಕಳಿಸುವ ಅಭಿಯಾನ ನಡೆಯಿತು. ಆ ಪ್ರೀತಿ ದೊಡ್ಡದು. ಆದರೂ ನನ್ನ ಅಭಿಪ್ರಾಯ ಇಷ್ಟು: ನಮನಕ್ಕಿಂತ ಸುದ್ದಿ ಮುಖ್ಯ. ತಾನು ಧೀರ ಎಂಬುದು ಅವನಿಗೆ ಗೊತ್ತು. ಅವನಿಗೆ ಗೊತ್ತಿಲ್ಲದಿರುವುದು ಈ ಸಲ ನಾಲೆಗೆ ನೀರು ಯಾವಾಗ ಬಿಟ್ಟರು, ಕಬ್ಬು ಯಾವ ಆಲೆಮನೆಗೆ ಹೋಯಿತು, ಮಾರಿಹಬ್ಬಕ್ಕೆ ಯಾರು ಯಾರು ಬಂದಿದ್ದರು ಎಂಬುದು. ಅಕ್ಕ ತಮ್ಮನಿಗೆ ಬರೆಯುವ ಕಾಗದ ಹೀಗಿದ್ದರೆ ಚೆನ್ನ:

“ತಮ್ಮಯ್ಯ, ಇಲ್ಲಿ ನಾವೆಲ್ಲ ಕ್ಷೇಮ. ಈ ಸಲ ನಾಲೇಲಿ ನೀರು ತಡವಾಗಿ ಬಿಟ್ಟರು. ಮೇಗಲ ಗದ್ದೆ ಮೊನ್ನೆ ನಾಟಿ ಆಯ್ತು, ಕೆಳಗಲದ್ದು ಇನ್ನೂ ಹಂಗೇ ಐತೆ. ಅವ್ವನ ಮಂಡಿನೋವು ಹೆಚ್ಚಾಗಿತ್ತು. ಮದ್ದೂರಿಗೆ ಕರಕೊಂಡು ಹೋಗಿ ತೋರಿಸ್ದೆ. ಮಾತ್ರೆ ಕೊಟ್ಟವ್ರೆ, ಈಗ ಕೊಟ್ಟಿಗೆ ಗಂಟ ಓಡಾಡ್ತಾಳೆ. ನೀನು ಹೋಗುವಾಗ ಗಬ್ಬವಾಗಿದ್ದ ಸೀಮೆಹಸ ಹೆಣ್ಣುಕರ ಹಾಕೈತೆ. ಡೇರಿಗೆ ಹೊತ್ತಿಗೆ ನಾಲ್ಕು ಲೀಟರ್ ಹಾಕ್ತಾ ಇದೀವಿ. ಕರೂಗೆ ಹೆಸರು ಅಪ್ಪನೇ ಇಡಬೇಕು ಅಂತ ನಿನ್ನ ಮಗಳ ಹಠ. ಯೋಚನೆ ಮಾಡಿ ಬರೆದು ಕಳಿಸು.”

ಇದರಲ್ಲಿ ಧೈರ್ಯ ಹೇಳುವ ಮಾತು ಒಂದೂ ಇಲ್ಲ. ಆದರೆ ಕೊನೆಯ ಸಾಲು ಅವನಿಗೆ ಮನೆಯಲ್ಲಿ ಒಂದು ಕೆಲಸ ಕೊಡುತ್ತದೆ. ಅವನಿಲ್ಲದೆ ಆ ಕೆಲಸ ಆಗುವಂತಿಲ್ಲ. ದೂರ ಇರುವವನಿಗೆ ಬೇಕಾದ ಆಸರೆ ಅದು.

ಅವ್ವನ ನೋವನ್ನು ಬರೆದ ರೀತಿಯನ್ನೂ ನೋಡಿ. ಕೆಟ್ಟ ಸುದ್ದಿ ಮುಚ್ಚಿಡಬೇಕೇ ಎಂಬುದು ಪ್ರತಿ ಮನೆಯಲ್ಲೂ ಏಳುವ ಪ್ರಶ್ನೆ. ಮುಚ್ಚಿಡಬೇಡಿ, ಇನ್ನಾರದೋ ಬಾಯಲ್ಲಿ ಅವನ ಕಿವಿಗೆ ಬಿದ್ದೇ ಬೀಳುತ್ತದೆ, ಆಮೇಲೆ ಅವನು ನಿಮ್ಮ ‘ಕ್ಷೇಮ’ವನ್ನೂ ನಂಬಲಾರ. ಹಾಗೆಂದು ಅರ್ಧ ಹೇಳಿ ನಿಲ್ಲಿಸಲೂ ಬೇಡಿ. ಅಪ್ಪನಿಗೆ ಹುಷಾರಿಲ್ಲ ಎಂದಷ್ಟೇ ಬರೆದು ಮುಂದಿನ ಕಾಗದಕ್ಕೆ ತಿಂಗಳು ತೆಗೆದುಕೊಂಡರೆ ಆ ತಿಂಗಳೆಲ್ಲ ಅವನಿಗೆ ನಿದ್ದೆಯಿಲ್ಲ. ಏನಾಯಿತು, ಯಾರು ನೋಡಿಕೊಳ್ಳುತ್ತಿದ್ದಾರೆ, ಈಗ ಹೇಗಿದ್ದಾರೆ, ಮೂರನ್ನೂ ಬರೆಯಿರಿ. ಜಮೀನಿನ ವ್ಯಾಜ್ಯ, ಬದುವಿನ ಜಗಳ, ಅತ್ತೆ ಸೊಸೆಯರ ಮನಸ್ತಾಪ ಇವು ಸೈನಿಕರನ್ನು ಗಡಿಯಲ್ಲೂ ಹಿಂಬಾಲಿಸುವ ಚಿಂತೆಗಳು. ಅಲ್ಲಿ ಕುಳಿತು ಅವನು ಬಗೆಹರಿಸಲಾಗದ ಜಗಳದಲ್ಲಿ ಅವನನ್ನು ಪಂಚಾಯ್ತಿಗೆ ಕೂರಿಸಬೇಡಿ. ನಿರ್ಧಾರಕ್ಕೆ ಅವನ ಒಪ್ಪಿಗೆ ಬೇಕಿದ್ದರೆ ವಿಷಯವನ್ನು ನೇರವಾಗಿ ಕೇಳಿ, ಉತ್ತರಕ್ಕೆ ಕಾಯಿರಿ.

ಉಳಿದ ಸೂಚನೆಗಳು ಚಿಕ್ಕವು. ಎಲ್ಲಿದ್ದೀಯಾ, ಯಾವಾಗ ಹೊರಡುತ್ತೀಯಾ, ಎಷ್ಟು ಜನರಿದ್ದೀರಿ ಎಂದು ಕೇಳಬೇಡಿ. ಪ್ರತಿ ಕಾಗದದ ತಲೆಯಲ್ಲಿ ತಾರೀಖಿನ ಜೊತೆ ಕ್ರಮಸಂಖ್ಯೆಯನ್ನೂ ಹಾಕಿ, ಏಕೆಂದರೆ ಐದನೆಯದು ಮುಟ್ಟಿದ ಮೇಲೆ ನಾಲ್ಕನೆಯದು ಬರುವುದುಂಟು. ಸೇನಾ ಅಂಚೆಯ ವಿಳಾಸಕ್ಕೆ ದೇಶದೊಳಗಿನ ದರದ ಅಂಚೆಚೀಟಿ ಸಾಕು. ಬರೆಯಲು ಬಾರದ ಅಜ್ಜಿ ಹೇಳಿದ್ದನ್ನು ಮೊಮ್ಮಗಳು ಅಜ್ಜಿಯ ಮಾತಿನಲ್ಲೇ ಬರೆಯಲಿ. ಗ್ರಂಥದ ಭಾಷೆಗೆ ತಿದ್ದಿದರೆ ಅಜ್ಜಿ ಅಲ್ಲಿರುವುದಿಲ್ಲ.

ಮನೆಯವರಲ್ಲದವರು ಬರೆಯಬಹುದೇ? ಖಂಡಿತ ಬರೆಯಬೇಕು. ಪುಲ್ವಾಮಾದಲ್ಲಿ 2019ರ ಫೆಬ್ರುವರಿ 14ರಂದು ಹುತಾತ್ಮರಾದ ಸಿಆರ್‌ಪಿಎಫ್‌ನ ಎಚ್. ಗುರು ನಮ್ಮ ಮದ್ದೂರು ತಾಲ್ಲೂಕಿನ ಗುಡಿಗೆರೆಯವರು. ಅವರ ಅಂತಿಮ ದರ್ಶನಕ್ಕೆ ಜನಸಾಗರವೇ ಬಂತು. ಅಂದಿನ ಕಣ್ಣೀರು ನಿಜವಾದದ್ದು. ಅದೇ ಅಕ್ಕರೆ ಈಗ ಕರ್ತವ್ಯದಲ್ಲಿರುವವರಿಗೂ, ಅವರು ಓದಿಕೊಳ್ಳಲು ಇರುವಾಗಲೇ, ಮುಟ್ಟಬೇಕು. ಮೊದಲ ಹೆಜ್ಜೆಯಾಗಿ ಶಾಲೆಯ ಮೇಷ್ಟ್ರು ಮಕ್ಕಳ ಜೊತೆ ಕೂತು ನಮ್ಮ ಹೋಬಳಿಯಿಂದ ಯಾರು ಯಾರು ಸೈನ್ಯದಲ್ಲಿದ್ದಾರೆಂದು ಕೇಳಿ ತಿಳಿಯಲಿ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿ, ಮದ್ರಾಸ್ ರೆಜಿಮೆಂಟಿನಲ್ಲಿ ಕನ್ನಡದ ಹುಡುಗರು ಬಹಳ. ವಿಳಾಸವನ್ನು ಅವರ ಮನೆಯವರ ಒಪ್ಪಿಗೆ ಪಡೆದೇ ತೆಗೆದುಕೊಳ್ಳಬೇಕು, ವಾಟ್ಸಾಪ್ ಗುಂಪುಗಳಲ್ಲಿ ಹರಡಬಾರದು. ಹೆಸರಿಲ್ಲದ ‘ಯೋಧ’ನಿಗೆ ನೂರು ಕಾರ್ಡು ಬರೆಯುವುದಕ್ಕಿಂತ ಪಕ್ಕದ ಬೀದಿಯ ಅಣ್ಣನಿಗೆ ಹೆಸರು ಹಿಡಿದು ಬರೆದ ಒಂದು ಕಾಗದ ಮೇಲು.

ಕೊನೆಗೆ, ಅಟ್ಟದ ಮೇಲಿನ ಟ್ರಂಕಿನ ವಿಷಯ. ನಿಮ್ಮ ಮನೆಯಲ್ಲಿ 1962, 65, 71ರ ಯುದ್ಧಗಳ ಕಾಲದ್ದೋ, 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿದ್ದ ಶಾಂತಿಪಾಲನಾ ಪಡೆಯ ಕಾಲದ್ದೋ ಕಾಗದಗಳಿದ್ದರೆ ಒಲೆಗೆ ಹಾಕಬೇಡಿ. ಲಕೋಟೆಯನ್ನೂ ಎಸೆಯಬೇಡಿ. ಕೊಡಗಿನ ಜನರಲ್ ತಿಮ್ಮಯ್ಯ ಕೊರಿಯಾದಲ್ಲಿ ಯುದ್ಧಕೈದಿಗಳ ಆಯೋಗದ ಅಧ್ಯಕ್ಷರಾಗಿದ್ದ 1953ರಲ್ಲಿ ಅಲ್ಲಿದ್ದ ಭಾರತೀಯ ಪಡೆಗಾಗಿ ಅಂಚೆಚೀಟಿಗಳ ಮೇಲೆ ಬೇರೆಯೇ ಅಕ್ಷರಗಳನ್ನು ಅಚ್ಚೊತ್ತಲಾಗಿತ್ತು. 1962ರಲ್ಲಿ ಕಾಂಗೋಗೆ, 1965ರಲ್ಲಿ ಗಾಜಾಕ್ಕೆ ಕೂಡ. ಕ್ಷೇತ್ರ ಅಂಚೆ ಕಚೇರಿಯ ಮುದ್ರೆಯಲ್ಲಿ ಊರಿನ ಹೆಸರಿನ ಬದಲು ಒಂದು ಸಂಖ್ಯೆ ಇರುತ್ತದೆ. ಕಾಗದದಲ್ಲಿ ಬರೆಯುವಂತಿರದಿದ್ದ ಜಾಗ ಯಾವುದೆಂದು ಆ ಸಂಖ್ಯೆ, ತಾರೀಖು ಎರಡನ್ನೂ ಇಟ್ಟುಕೊಂಡು ಈಗ ಪತ್ತೆ ಮಾಡಬಹುದು. ಕಾಗದಗಳನ್ನು ತಾರೀಖಿನಂತೆ ಜೋಡಿಸಿ, ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಂಡು, ಒಣ ಜಾಗದಲ್ಲಿ ಲಕೋಟೆ ಸಮೇತ ಇಡಿ. ಬರೆದವರು ಇನ್ನೂ ನಮ್ಮೊಡನಿದ್ದರೆ ಒಂದೊಂದನ್ನೇ ಅವರ ಮುಂದೆ ಓದಿ, ಆಗ ಎಲ್ಲಿದ್ದಿರಿ ಎಂದು ಕೇಳಿ, ಹೇಳಿದ್ದನ್ನು ಹಿಂಬದಿಯಲ್ಲಲ್ಲ, ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ.